ಸ್ಟ್ರಾಟ್, ಟೆಲಿ, ಲೆಸ್ ಪಾಲ್: ಮೂರು ವಾರ ಒಂದೇ ಆಂಪ್‌ನಲ್ಲಿ ನುಡಿಸಿದೆ, ಕೈ ಒಂದು ಹೇಳುತ್ತಿದೆ, ಕಿವಿ ಇನ್ನೊಂದು

ವೀಣೆ_ಬಿಟ್ಟಿಲ್ಲ (ಮೈಸೂರು)

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ವೀಣೆ ನುಡಿಸಿದ್ದೇನೆ. ಎರಡು ವರ್ಷದಿಂದ ತಮ್ಮನ ಹಳೇ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಕೈ ಆಡಿಸುತ್ತಿದ್ದೇನೆ. ಈಗ ನನ್ನದೇ ಅಂತ ಒಂದು ತಗೊಳ್ಳಲು ದುಡ್ಡು ಕೂಡಿಟ್ಟಿದ್ದೇನೆ. ಒಂದೇ ಒಂದಕ್ಕೆ ಆಗುವಷ್ಟು. ಹಾಗಾಗಿ ತಪ್ಪು ಆರಿಸುವ ಹಾಗಿಲ್ಲ.

ತಮ್ಮನ ಸ್ನೇಹಿತರೊಬ್ಬರ ಮನೆಯಲ್ಲಿ ಸ್ಟ್ರಾಟೋಕ್ಯಾಸ್ಟರ್, ಟೆಲಿಕ್ಯಾಸ್ಟರ್, ಲೆಸ್ ಪಾಲ್ ಮೂರೂ ಎಲೆಕ್ಟ್ರಿಕ್ ಗಿಟಾರ್ ಇವೆ. ಮೊದಲೆರಡು ಫೆಂಡರ್ ಕಂಪನಿಯವು, ಲೆಸ್ ಪಾಲ್ ಗಿಬ್ಸನ್ ಕಂಪನಿಯದು. ಮೂರು ಭಾನುವಾರ ಅಲ್ಲೇ ಕೂತು ನುಡಿಸಿದೆ. ಅವರು ಒಂದು ಒಳ್ಳೇ ಕೆಲಸ ಮಾಡಿದರು. ನುಡಿಸುವ ಮೊದಲು ಮೂರನ್ನೂ ಒಂದು ಸಮಕ್ಕೆ ತಂದರು. ಮೂರಕ್ಕೂ 10ರಿಂದ 46ರ ಹೊಸ ತಂತಿ (ಇಂಚಿನ ಸಾವಿರದ ಲೆಕ್ಕದಲ್ಲಿ ತಂತಿಯ ದಪ್ಪ). 12ನೇ ಫ್ರೆಟ್ (ವೀಣೆಯ ಮೆಟ್ಟಿಲಿನ ಹಾಗೆ) ಹತ್ತಿರ ಸ್ಟೀಲ್ ಸ್ಕೇಲ್ ಇಟ್ಟು ತಂತಿಯ ಎತ್ತರ 1.6 ಮಿ.ಮೀ.ಗೆ ನಿಲ್ಲಿಸಿದರು. ಒಂದೇ 15 ವ್ಯಾಟ್ ವಾಲ್ವ್ ಆಂಪ್, ಒಂದೇ 3 ಮೀಟರ್ ಕೇಬಲ್. ಲೆಸ್ ಪಾಲ್ ಹಾಕಿದಾಗ ಮಾತ್ರ ವಾಲ್ಯೂಮ್ ಸ್ವಲ್ಪ ಇಳಿಸುತ್ತಿದ್ದೆವು. ತಂತಿಯ ಅದುರನ್ನು ಹಿಡಿದು ಆಂಪ್‌ಗೆ ಕಳಿಸುವ ಅದರ ಪಿಕಪ್ ಜೋರು. ಜೋರಾಗಿ ಕೇಳಿದ್ದು ಕಿವಿಗೆ ಚೆನ್ನಾಗಿದೆ ಅಂತಲೇ ಅನ್ನಿಸಿಬಿಡುತ್ತದೆ, ಅಲ್ವಾ? ಅಂಗಡಿಯಲ್ಲಿ ಹಳೇ ತಂತಿಯ ಒಂದು ಗಿಟಾರ್, ಹೊಸ ತಂತಿಯ ಇನ್ನೊಂದು ಗಿಟಾರ್ ಹಿಡಿದು ಇದು ಮೇಲು, ಅದು ಕೀಳು ಅಂತ ನಾನೂ ಹೇಳಿಕೊಂಡು ತಿರುಗಿದ್ದೆ. ಈಗ ಹಾಗೆ ಹೇಳುವುದಿಲ್ಲ.

ಮೊದಲ ಭಾನುವಾರ ಆಂಪ್ ಹಾಕಲೇ ಇಲ್ಲ. ಬರೀ ಕೈಗೆ ಏನು ಗೊತ್ತಾಗುತ್ತದೆ ನೋಡೋಣ ಅಂತ ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನುಡಿಸಿದೆ. ನಾನು ಮುಖ್ಯವಾಗಿ ನೋಡಿದ್ದು ಎಳೆತ. ವೀಣೆಯವರಿಗೆ ತಂತಿ ಎಳೆಯುವುದೇ ಉಸಿರು. ನಾಲ್ಕು ಮತ್ತು ಐದನೇ ತಂತಿಯನ್ನು ಬೆರಳಿಡದೆ ಮೀಟಿದರೆ ಡಿ ಮತ್ತು ಎ. ಅಂದರೆ ನನಗೆ ಸಾ ಮತ್ತು ಕೆಳಗಿನ ಪ. ಅದನ್ನು ಶ್ರುತಿಯ ಹಾಗೆ ಇಟ್ಟುಕೊಂಡು ಮೂರನೇ ತಂತಿಯಲ್ಲಿ ತೋಡಿ ರಾಗ ಹಿಡಿದೆ. 8ನೇ ಫ್ರೆಟ್ ರಿ. ಅಲ್ಲಿಂದ ಎಳೆದು ಗಾಂಧಾರ ತೂಗಿಸಬೇಕು. ತೋಡಿಯ ಗಾಂಧಾರ ಅಲುಗಾಡದೆ ನಿಲ್ಲುವುದೇ ಇಲ್ಲವಲ್ಲ. ತಂತಿಯನ್ನು ನೆಲದ ಕಡೆಗೆ ಎಳೆಯುತ್ತೇನೆ. ಮೇಲಕ್ಕೆ ತಳ್ಳಿದರೆ ನಾಲ್ಕನೇ ತಂತಿಗೆ ತಾಗಿ ಸಾ ನಿಂತುಹೋಗುತ್ತದೆ.

ಸ್ಟ್ರಾಟ್‌ನಲ್ಲಿ ಮೈಗೆ ಹಿತ. ಹೊಟ್ಟೆ ತಾಗುವ ಕಡೆ, ಮೊಣಕೈ ಕೂರುವ ಕಡೆ ಮರ ಕೆತ್ತಿ ಇಳಿಜಾರು ಮಾಡಿದ್ದಾರೆ. ಆದರೆ ಗಾಂಧಾರ ಎಳೆದ ಕ್ಷಣ ನನ್ನ ಸಾ ಇಳಿದುಹೋಯಿತು! ಮೊದಲು ನನ್ನ ಕಿವಿಯೇ ಸರಿ ಇಲ್ಲವೇನೋ ಅಂದುಕೊಂಡೆ. ಆಮೇಲೆ ಅವರು ಹಿಂದಿನ ಮುಚ್ಚಳ ತೆಗೆದು ತೋರಿಸಿದರು. ತಂತಿಗಳನ್ನು ಬುಡದಲ್ಲಿ ಹಿಡಿದಿರುವ ಬ್ರಿಡ್ಜ್ ಸ್ಪ್ರಿಂಗ್ ಮೇಲೆ ನಿಂತಿದೆ. ಒಂದು ತಂತಿ ಬಿಗಿಯಾದರೆ ಬ್ರಿಡ್ಜ್ ಮುಂದಕ್ಕೆ ವಾಲುತ್ತದೆ, ಉಳಿದ ಐದೂ ಸಡಿಲವಾಗುತ್ತವೆ.

ಟೆಲಿ ಒಂದು ಹಲಗೆ. ಅಂಚು ಪಕ್ಕೆಗೆ ಒತ್ತುತ್ತದೆ. ಆದರೆ ಬ್ರಿಡ್ಜ್ ಅಲ್ಲಾಡದ್ದು, ತಂತಿಗಳು ಮರದ ಒಳಗಿಂದಲೇ ಹಾದು ಬರುತ್ತವೆ. ಸಾ ಗಟ್ಟಿಯಾಗಿ ನಿಲ್ಲುತ್ತದೆ. ಎಳೆಯಲು ಮಾತ್ರ ಬಿಗಿ.

ಲೆಸ್ ಪಾಲ್ ತೊಡೆ ಮೇಲೆ ಇಟ್ಟ ಕೂಡಲೇ ಭಾರ ಗೊತ್ತಾಯಿತು. ತೂಕದ ಯಂತ್ರದಲ್ಲಿ 4.3 ಕೆ.ಜಿ. ಸ್ಟ್ರಾಟ್ 3.5 ಇತ್ತು. ಆದರೆ ಎಳೆತ! ಬೆರಳಿಗೆ ತಂತಿ ತಾನಾಗಿ ಬಂದ ಹಾಗೆ. ಗಾಂಧಾರದಿಂದ ಮಧ್ಯಮದ ಅಂಚಿನವರೆಗೆ ಹೋಗಿ ಬಂದೆ. ಉಳಿದ ಎರಡರಲ್ಲಿ ಅಷ್ಟು ದೂರ ಹೋಗುವ ಹೊತ್ತಿಗೆ ಬೆರಳು ಸೋಲುತ್ತಿತ್ತು.

ಇನ್ನು ಧ್ವನಿ. ಎರಡನೇ ಭಾನುವಾರ ಆಂಪ್ ಹಾಕಿದೆವು, ಡಿಸ್ಟಾರ್ಷನ್ ಇಲ್ಲದೆ. ಲೆಸ್ ಪಾಲ್‌ನ ನೆಕ್ ಪಿಕಪ್ (ಕುತ್ತಿಗೆ ಕಡೆಯದು) ದಪ್ಪ, ತುಂಬಿದ ಧ್ವನಿ, ಒಮ್ಮೆ ಮೀಟಿದರೆ ಹಾಡುತ್ತಲೇ ಇರುತ್ತದೆ. ಆದರೆ ಗಮಕದ ಅಂಚು ಮಸುಕು. ಸ್ವರ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಅನ್ನುವುದು ಸ್ಪಷ್ಟ ಕೇಳುವುದಿಲ್ಲ. ಟೆಲಿಯಲ್ಲಿ ಎರಡೂ ಪಿಕಪ್ ಸೇರಿಸಿ ಉಗುರಿನಿಂದ ಮೀಟಿದೆ. ಮೀಟು ಬೇರೆ, ಎಳೆತ ಬೇರೆ, ಎರಡೂ ಕಿವಿಗೆ ಬಿಡಿಬಿಡಿಯಾಗಿ ಬಂದವು. ನಮ್ಮ ಮನೆಯ ವೀಣೆ ನೆನಪಾಯಿತು, ನಿಜವಾಗಲೂ. ಸ್ಟ್ರಾಟ್‌ನ ನೆಕ್ ಪಿಕಪ್ ಘಂಟೆಯ ಹಾಗೆ ದುಂಡಗೆ, ತುಂಬಾ ಸುಂದರ. ಅದನ್ನು ಕೇಳುತ್ತಾ ಕೂರಬಹುದು. ಆದರೆ ಸಾ ಇಳಿಯುವುದನ್ನು ಸಹಿಸಲು ನನ್ನಿಂದ ಆಗುವುದಿಲ್ಲ.

ಕೈ ಲೆಸ್ ಪಾಲ್ ಅನ್ನುತ್ತಿದೆ. ಕಿವಿ ಟೆಲಿ ಅನ್ನುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

ಟೆಲಿ_ಹಲಗೆ (ಬೆಂಗಳೂರು)

ಅಕ್ಕ, ಕಿವಿ ಹೇಳಿದ್ದನ್ನು ಕೇಳಿ. ಮೂವತ್ತು ವರ್ಷದಿಂದ ಟೆಲಿ ನುಡಿಸುತ್ತಿದ್ದೇನೆ, ಬೇರೆ ಬೇಕು ಅನ್ನಿಸಿಲ್ಲ. 1950ರಲ್ಲಿ ಇದಕ್ಕೆ ಬ್ರಾಡ್‌ಕ್ಯಾಸ್ಟರ್ ಅಂತ ಹೆಸರಿಟ್ಟರು. ಗ್ರೆಚ್ ಕಂಪನಿ ಆ ಹೆಸರಿನಲ್ಲಿ ಆಗಲೇ ಡ್ರಮ್ ಮಾರುತ್ತಿತ್ತು. ಅದಕ್ಕೆ 1951ರಲ್ಲಿ ಟೆಲಿಕ್ಯಾಸ್ಟರ್ ಆಯಿತು. ಅಲ್ಲಿಂದ ಇಲ್ಲಿಯವರೆಗೆ ಮೂಲ ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ. ಇದನ್ನು ಮಾಡಿದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರ ಮಾತು ಕೇಳಿ ಕೇಳಿ ಮಾಡಿದರು. ನೆಕ್ ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಹಾಕು, ಅಷ್ಟೇ.

ಟೆಲಿ ಅಂದರೆ ಬರೀ ತೆಳು ಧ್ವನಿ ಅನ್ನುವವರಿಗೆ ಒಂದು ಮಾತು. ಲೆಡ್ ಜೆಪೆಲಿನ್‌ನ 1969ರ ಮೊದಲ ಆಲ್ಬಂನಲ್ಲಿ ಜಿಮ್ಮಿ ಪೇಜ್ ಹೆಚ್ಚಾಗಿ ನುಡಿಸಿದ್ದು ಟೆಲಿ. ಎಲ್ಲರೂ ಅದನ್ನು ಲೆಸ್ ಪಾಲ್ ಅಂದುಕೊಂಡಿದ್ದಾರೆ.

ಹುಬ್ಳಿ_ಗೇನ್

ಅಕ್ಕಾರ, ನಮಸ್ಕಾರ್ರೀ. ಇವು ಮೂರೇ ಗಿಟಾರ್ ಅಲ್ಲ. ಐಬನೆಜ್ ಆರ್‌ಜಿ ಒಮ್ಮೆ ಕೈಗೆ ತಗೊಂಡು ನೋಡಿ. ನೆಕ್ ಚಪ್ಪಟೆ, ತೆಳು, ಮೊದಲ ಫ್ರೆಟ್ ಹತ್ತಿರ ಸುಮಾರು 19 ಮಿ.ಮೀ. ದಪ್ಪ ಅಷ್ಟೇ. 24 ಫ್ರೆಟ್. ನಾನು ಮೆಟಲ್ ನುಡಿಸುವವನು, ನನ್ನ ಬೆರಳಿಗೆ ಅದೇ ಸರಿ.

ಒಂದು ಮಾತು ಒಪ್ಪುತ್ತೇನೆ. ಗಿಟಾರ್ ಆಕಾರ ನೋಡಿ ಧ್ವನಿ ಹೇಳಬಾರದು. 2007ರಲ್ಲಿ ಐರನ್ ಮೇಡನ್ ತಂಡ ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ರಾತ್ರಿ ಬಸ್ ಹತ್ತಿ ಹೋಗಿದ್ದೆ. ಅವರ ಗಿಟಾರ್ ವಾದಕ ಡೇವ್ ಮರ್ರೆ ಕೈಯಲ್ಲಿ ಇದ್ದದ್ದು ಸ್ಟ್ರಾಟ್. ಆ ದಪ್ಪ ಧ್ವನಿ ಸ್ಟ್ರಾಟ್‌ನಿಂದ ಹೇಗೆ ಅಂತ ಊರಿಗೆ ಬರುವವರೆಗೆ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಒಳಗೆ ಕೂರಿಸಿದ್ದು ಹಂಬಕರ್ ಜಾತಿಯ, ಅಂದರೆ ಎರಡು ಸುರುಳಿಯ ಪಿಕಪ್.

ಸೋಲ್ಡರ್_ಕಡ್ಡಿ (ತುಮಕೂರು)

ನಾನು ಗಿಟಾರ್ ಸರಿ ಮಾಡುವ ಕೆಲಸ ಮಾಡುತ್ತೇನೆ. ಮೇಡಂ, ನೀವು ಇಷ್ಟು ಸರಿಯಾಗಿ ಹೋಲಿಸಿದ್ದು ನೋಡಿ ಖುಷಿಯಾಯಿತು. ನಿಮ್ಮ ಕೈಗೆ ಗೊತ್ತಾದ್ದಕ್ಕೆ ಲೆಕ್ಕ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಸ್ಟ್ರಾಟ್, ಟೆಲಿ ಎರಡರಲ್ಲೂ ನಟ್‌ನಿಂದ (ತಲೆಯ ಕಡೆ ತಂತಿ ಕೂರುವ ಸೀಳಿನ ಪಟ್ಟಿ) ಬ್ರಿಡ್ಜ್‌ವರೆಗೆ ತಂತಿಯ ಉದ್ದ 25.5 ಇಂಚು. ಲೆಸ್ ಪಾಲ್‌ನಲ್ಲಿ 24.75. ಮುಕ್ಕಾಲು ಇಂಚು ಏನು ಮಹಾ ಅನ್ನಿಸುತ್ತದೆ. ಆದರೆ ಅದೇ ತಂತಿ, ಅದೇ ಶ್ರುತಿ ಇದ್ದಾಗ ಬಿಗಿತ ಉದ್ದದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಲೆಕ್ಕ ಹಾಕಿದರೆ ಟೆಲಿಯ ತಂತಿ ಲೆಸ್ ಪಾಲ್‌ಗಿಂತ ಸುಮಾರು 6 ಶೇಕಡಾ ಜಾಸ್ತಿ ಬಿಗಿ. ಅದನ್ನೇ ನಿಮ್ಮ ಬೆರಳು ಹೇಳಿದ್ದು.

ಎರಡನೆಯದು ಫ್ರೆಟ್ ಬೋರ್ಡಿನ ಉಬ್ಬು. ಹಲಗೆ ಅಡ್ಡಕ್ಕೆ ಸ್ವಲ್ಪ ಕಮಾನಿನ ಹಾಗಿರುತ್ತದೆ. ಹಳೇ ಮಾದರಿ ಫೆಂಡರ್‌ನಲ್ಲಿ ಆ ಕಮಾನು 7.25 ಇಂಚು ತ್ರಿಜ್ಯದ ವೃತ್ತದ ತುಂಡು. ಹೊಸವುಗಳಲ್ಲಿ ಹೆಚ್ಚಾಗಿ 9.5. ಗಿಬ್ಸನ್‌ನಲ್ಲಿ 12. ತ್ರಿಜ್ಯ ದೊಡ್ಡದಾದಷ್ಟೂ ಹಲಗೆ ಚಪ್ಪಟೆ. ಉಬ್ಬು ಜಾಸ್ತಿ ಇರುವ ಕಡೆ ಮೊದಲ ತಂತಿಯನ್ನು ಮಧ್ಯಕ್ಕೆ ತಳ್ಳಿದರೆ ತಂತಿ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಸತ್ತುಹೋಗುತ್ತದೆ. ವೀಣೆಯ ಮೆಟ್ಟಿಲು ಅಡ್ಡಕ್ಕೆ ನೇರ, ಉಬ್ಬೇ ಇಲ್ಲ. ಹದಿನಾಲ್ಕು ವರ್ಷ ಅದರ ಮೇಲೆ ಓಡಾಡಿದ ಕೈಗೆ 12 ಇಂಚಿನದು ಮನೆ ಅನ್ನಿಸುವುದು ಸಹಜ.

ಇನ್ನು ಧ್ವನಿ. ಟೆಲಿ, ಸ್ಟ್ರಾಟ್‌ನಲ್ಲಿ ಒಂದೇ ಸುರುಳಿಯ ಪಿಕಪ್. ಲೆಸ್ ಪಾಲ್ 1952ರಲ್ಲಿ ಬಂದಾಗ ಅದರಲ್ಲೂ ಒಂದೇ ಸುರುಳಿಯ ಪಿ-90 ಇತ್ತು. ಸೆತ್ ಲವರ್ ಮಾಡಿದ ಹಂಬಕರ್ ಬಂದದ್ದು 1957ರಲ್ಲಿ. ಅದರಲ್ಲಿ ಎರಡು ಸುರುಳಿ ಪಕ್ಕಪಕ್ಕ ಇರುತ್ತವೆ. ಒಂದರ ಅಯಸ್ಕಾಂತದ ಧ್ರುವ, ಸುತ್ತಿನ ದಿಕ್ಕು ಎರಡೂ ಇನ್ನೊಂದಕ್ಕೆ ವಿರುದ್ಧ. ತಂತಿಯ ಧ್ವನಿ ಕೂಡಿಕೊಳ್ಳುತ್ತದೆ, ಕರೆಂಟಿನ ಗುಂಯ್ ಶಬ್ದ ಒಂದನ್ನೊಂದು ಅಳಿಸುತ್ತದೆ. ಆದರೆ ಎರಡು ಸುರುಳಿ ತಂತಿಯನ್ನು ಎರಡು ಜಾಗದಲ್ಲಿ ಕೇಳುವುದರಿಂದ ತೀರಾ ಮೇಲಿನ ಕಂಪನಗಳೂ ಸ್ವಲ್ಪ ಹೋಗುತ್ತವೆ. ನಿಮಗೆ ಅಂಚು ಮಸುಕು ಅನ್ನಿಸಿದ್ದು ಅದೇ.

ಟೆಲಿ ಬ್ರಿಡ್ಜ್ ಪಿಕಪ್‌ನ ಕಚ್ಚುವ ಗುಣಕ್ಕೆ ಅದರ ಸುತ್ತ ಇರುವ ಉಕ್ಕಿನ ತಟ್ಟೆಯೂ ಕಾರಣ. ಹಾಗೆಯೇ ಲೆಸ್ ಪಾಲ್‌ನಲ್ಲಿ ಟೋನ್ ಗುಂಡಿ ಪೂರ್ತಿ 10ರಲ್ಲಿ ಇತ್ತಾ? ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಮಲೆನಾಡ_ಮಹಾಗನಿ (ಸಕಲೇಶಪುರ)

ಮರದ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ? ಲೆಸ್ ಪಾಲ್ ಮಹಾಗನಿ, ಮೇಲೆ ಮೇಪಲ್ ಹೊದಿಕೆ, ನೆಕ್ ಅಂಟು ಹಾಕಿ ಕೂರಿಸಿದ್ದು. ಆ ದಪ್ಪ ಧ್ವನಿ ಅಲ್ಲಿಂದ ಬರುವುದಿಲ್ಲವೇ?

ಸೋಲ್ಡರ್_ಕಡ್ಡಿ

ಸರ್, ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ. ಒಂದೇ ಹಂಬಕರ್ ಜೋಡಿಯನ್ನು ಮೊದಲು ಮಹಾಗನಿ ಬಾಡಿಗೆ, ಆಮೇಲೆ ಆಲ್ಡರ್ ಬಾಡಿಗೆ ಕೂರಿಸಿದೆ. ಆಂಪ್‌ನಲ್ಲಿ ಕಣ್ಣು ಮುಚ್ಚಿ ಕೇಳಿದಾಗ ಯಾವುದು ಯಾವುದು ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಅದೇ ಬಾಡಿಯಲ್ಲಿ ಪಿಕಪ್ ಬದಲಿಸಿದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಮರ ಬದಲಾದರೆ ತೂಕ ಬದಲಾಗುತ್ತದೆ, ಎದೆಗೆ ತಾಗುವ ಅದುರು ಬದಲಾಗುತ್ತದೆ. ನುಡಿಸುವವರಿಗೆ ಅದು ಮುಖ್ಯ, ಸುಳ್ಳಲ್ಲ. ಆದರೆ ಸ್ಪೀಕರ್‌ನಲ್ಲಿ ಕೇಳುವುದರಲ್ಲಿ ಮರದ ಪಾಲು ನಾವು ನಂಬಿದ್ದಕ್ಕಿಂತ ಬಹಳ ಕಡಿಮೆ ಅನ್ನುವುದು ನನ್ನ ಅನುಭವ.

ಮಲೆನಾಡ_ಮಹಾಗನಿ

ನನ್ನ ಕಿವಿ ಪೂರ್ತಿ ಒಪ್ಪುವುದಿಲ್ಲ ಸರ್. ಆದರೆ ನಾನು ಹಾಗೆ ಬದಲಾಯಿಸಿ ನೋಡಿದವನಲ್ಲ, ನಿಜ. ಮರಕ್ಕೆ ನಮ್ಮ ಕಡೆ ಇನ್ನೊಂದು ಚಿಂತೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು. ನೆಕ್ ಬಾಗಿ ತಂತಿ ಮೇಲೇಳುತ್ತದೆ. ವರ್ಷಕ್ಕೆ ಎರಡು ಸಲ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ತಿರುಗಿಸುತ್ತೇನೆ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಇಲ್ಲ. ನುಡಿಸಿದ ಮೇಲೆ ಹಳೇ ಪಂಚೆ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಬೇಕು. ಅಕ್ಕ, ಮೈಸೂರಲ್ಲಿ ನಿಮಗೆ ಇಷ್ಟು ಕಾಟ ಇರುವುದಿಲ್ಲ.

ಕುಡ್ಲ_ಕಡಲು

ನಮ್ಮಲ್ಲಿ ಮಳೆಗಿಂತ ಬೆವರಿನ ಕಾಟ ಮಾರಾಯ್ರೇ. ಮೇಪಲ್ ನೆಕ್‌ಗೆ ಹೊಳೆಯುವ ವಾರ್ನಿಷ್ ಇದ್ದರೆ ಏಪ್ರಿಲ್‌ನಲ್ಲಿ ಅಂಗೈ ಅಂಟಿಕೊಂಡು ಜಾರುವುದೇ ಇಲ್ಲ. ಪಿಕಪ್‌ಗಳಿಗೆ ಟೇಪ್ ಹಚ್ಚಿ, ನೆಕ್ ಹಿಂಭಾಗವನ್ನು 0000 ನಂಬರಿನ ಸ್ಟೀಲ್ ವುಲ್‌ನಲ್ಲಿ ಮೆಲ್ಲಗೆ ಉಜ್ಜಿದೆ. ಹೊಳಪು ಹೋಯಿತು, ಕೈ ಓಡಿತು. ಟೇಪ್ ಮರೆಯಬೇಡಿ. ಕಬ್ಬಿಣದ ಪುಡಿಯನ್ನು ಅಯಸ್ಕಾಂತ ಎಳೆದುಕೊಂಡುಬಿಡುತ್ತದೆ.

ಇನ್ವರ್ಟರ್_ಮನೆ (ಚಿತ್ರದುರ್ಗ)

ಟೆಲಿ ತಗೊಳ್ಳುವ ಮೊದಲು ನಿಮ್ಮ ಮನೆಯಲ್ಲೇ ಒಮ್ಮೆ ಹಾಕಿ ನೋಡಿ. ನಮ್ಮಲ್ಲಿ ಫ್ಯಾನ್ ರೆಗ್ಯುಲೇಟರ್ ಮೂರರಲ್ಲಿ ಇದ್ದರೆ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಜೇನುಗೂಡಿನ ಹಾಗೆ ಗುಂಯ್‌ಗುಟ್ಟುತ್ತದೆ. ಕರೆಂಟ್ ಹೋಗಿ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಬಂದರೆ ಮುಗಿಯಿತು. ಫ್ಯಾನ್ ಪೂರ್ತಿ ಐದಕ್ಕೆ ಇಟ್ಟು, ಆಂಪ್‌ನಿಂದ ದೂರ ಕೂತರೆ ಅರ್ಧ ಕಡಿಮೆ.

ಸೋಲ್ಡರ್_ಕಡ್ಡಿ

ಇದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ, ದಯವಿಟ್ಟು ಎಲ್ಲರೂ ಓದಿ. ಗಿಟಾರ್ ತಂತಿ ಕೇಬಲ್ ಮೂಲಕ ಆಂಪ್‌ನ ಅರ್ಥಿಂಗ್‌ಗೆ ಸೇರಿರುತ್ತದೆ. ಮನೆಯ ಸಾಕೆಟ್‌ನಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಶಾಕ್ ನಿಮ್ಮ ಬೆರಳಿಗೆ. ಹಲವು ವರ್ಷದ ಹಿಂದೆ ಒಂದು ಗಣೇಶನ ಪೆಂಡಾಲ್‌ನ ಆರ್ಕೆಸ್ಟ್ರಾದಲ್ಲಿ ತಂತಿ ಹಿಡಿದುಕೊಂಡೇ ಮೈಕ್‌ಗೆ ತುಟಿ ತಾಗಿಸಿದೆ. ಹಿಂದಕ್ಕೆ ಬಿದ್ದೆ. ತುಟಿ ಮೂರು ದಿನ ಮರಗಟ್ಟಿತ್ತು. ಎರಡು ಪಿನ್ ಅಡಾಪ್ಟರ್‌ಗೆ ಆಂಪ್ ಸಿಕ್ಕಿಸಬೇಡಿ. ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ, ಆಮೇಲೆ ಗಿಟಾರ್ ಹಿಡಿಯಿರಿ.

ಫುಲರ್ಟನ್_ಪಕ್ಕದವ (ಕ್ಯಾಲಿಫೋರ್ನಿಯಾ)

ಲಿಯೋ ಫೆಂಡರ್ ಊರು ಫುಲರ್ಟನ್ ನಮ್ಮ ಮನೆಯಿಂದ ಹತ್ತಿರ. ಈ ಚರ್ಚೆ ಓದಿ ಖುಷಿಯಾಯಿತು. ನಿಮಗೆ ನಾಲ್ಕನೇ ದಾರಿ ಹೇಳಲಾ? ಸ್ಕ್ಯಾಲಪ್ ಮಾಡಿದ ಫ್ರೆಟ್ ಬೋರ್ಡ್. ಫ್ರೆಟ್‌ಗಳ ನಡುವಿನ ಮರವನ್ನು ಬಟ್ಟಲಿನ ಹಾಗೆ ಕೆತ್ತಿರುತ್ತಾರೆ. ಬೆರಳಿಗೆ ಮರ ತಾಗುವುದೇ ಇಲ್ಲ, ವೀಣೆಯ ಹಾಗೆಯೇ. ಜಾನ್ ಮೆಕ್‌ಲಾಫ್ಲಿನ್ ಶಕ್ತಿ ತಂಡದಲ್ಲಿ ನುಡಿಸುತ್ತಿದ್ದ ಅಕೂಸ್ಟಿಕ್ ಗಿಟಾರ್‌ಗೂ ಹೀಗೆ ಕೆತ್ತಿಸಿದ್ದರು. ಎಲೆಕ್ಟ್ರಿಕ್‌ನಲ್ಲಿ ರಿಚಿ ಬ್ಲ್ಯಾಕ್‌ಮೋರ್ ಅವರ ಸ್ಟ್ರಾಟ್ ಹೀಗೇ ಇತ್ತು.

ಮತ್ತೆ ನಮ್ಮ ಯು. ಶ್ರೀನಿವಾಸ್ ಅವರನ್ನು ನೆನೆಯಿರಿ. ಮ್ಯಾಂಡೊಲಿನ್‌ನಲ್ಲಿ ಜೋಡಿ ತಂತಿ ಇರುತ್ತದೆ. ಅವರು ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಒಂಟಿ ತಂತಿಗಳಲ್ಲಿ ನುಡಿಸಿದರು. ಜೋಡಿ ತಂತಿ ಎಳೆದು ಗಮಕ ತರುವುದು ಕಷ್ಟ. ವಾದ್ಯವನ್ನು ನಮ್ಮ ಸಂಗೀತಕ್ಕೆ ಬಗ್ಗಿಸಿಕೊಳ್ಳುವುದು ಹೊಸದೇನಲ್ಲ.

ವೀಣೆ_ಬಿಟ್ಟಿಲ್ಲ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಲೆಸ್ ಪಾಲ್‌ನ ಟೋನ್ ಗುಂಡಿ ನೋಡಿದೆ. 10ರಲ್ಲೇ ಇತ್ತು. ಅಂಚು ಆಗಲೂ ಮಸುಕೇ.

ಸ್ಕ್ಯಾಲಪ್ ವಿಷಯ ಓದಿ ಆಸೆ ಆಯಿತು. ಆದರೆ ಕೆತ್ತಿಸಿದ ಮೇಲೆ ವಾಪಸ್ ಇಲ್ಲ, ಅದಕ್ಕೆ ಹಿಂಜರಿಕೆ. ಎತ್ತರದ ಫ್ರೆಟ್ ಇರುವುದನ್ನು ಹುಡುಕಿದರೆ ಹತ್ತಿರ ಬರುತ್ತದೆಯೇ?

ಮತ್ತೆ ಆ 6 ಶೇಕಡಾ ಬಿಗಿತ ಕಡಿಮೆ ಮಾಡುವ ದಾರಿ ಇಲ್ಲವೇ ಸರ್? ಇನ್ನೂ ತೆಳುವಾದ 9ರ ಸೆಟ್ ಹಾಕಿ ನೋಡಿದೆ. ಎಳೆತ ಸುಲಭ ಆಯಿತು. ಆದರೆ ಉಗುರಿನಿಂದ ಮೀಟಿದಾಗ ಧ್ವನಿ ಸೊರಗಿತು.

ಸೋಲ್ಡರ್_ಕಡ್ಡಿ

ಎತ್ತರದ ಫ್ರೆಟ್ ಖಂಡಿತ ಸಹಾಯ ಮಾಡುತ್ತದೆ. ಬೆರಳಿನ ತುದಿ ತಂತಿಯ ಅಡಿಗೆ ಹೋಗಿ ಹಿಡಿಯುತ್ತದೆ, ಮರದ ಮೇಲೆ ಉಜ್ಜುವುದಿಲ್ಲ.

ಬಿಗಿತಕ್ಕೆ ಸುಲಭದ ದಾರಿ ನಿಮ್ಮ ಕೈಯಲ್ಲೇ ಇದೆ. 10ರ ಸೆಟ್ ಹಾಗೇ ಇರಲಿ. ಆರೂ ತಂತಿಯ ಶ್ರುತಿಯನ್ನು ಒಂದು ಫ್ರೆಟ್‌ನಷ್ಟು ಇಳಿಸಿ. ಜಿಮಿ ಹೆಂಡ್ರಿಕ್ಸ್ ಹೀಗೆ ಎಷ್ಟೋ ಸಲ ಇಳಿಸಿ ನುಡಿಸಿದ್ದಾರೆ. ಒಂದು ಫ್ರೆಟ್ ಇಳಿಸಿದರೆ ಬಿಗಿತ ಸುಮಾರು 11 ಶೇಕಡಾ ಕಡಿಮೆ ಆಗುತ್ತದೆ. ಟೆಲಿ 6 ಜಾಸ್ತಿ ಇತ್ತಲ್ಲ, ಎರಡೂ ಸೇರಿ ಲೆಕ್ಕ ಹಾಕಿದರೆ ಆ ಲೆಸ್ ಪಾಲ್‌ಗಿಂತ 5 ಶೇಕಡಾ ಸಡಿಲ ಬರುತ್ತದೆ. ಗುಂಪಿನಲ್ಲಿ ಬೇರೆಯವರ ಜತೆ ನುಡಿಸುವಾಗ ತೊಂದರೆ. ಆದರೆ ಒಬ್ಬರೇ ನುಡಿಸುವ ನಿಮಗೆ ಸಾ ಎಲ್ಲಿದ್ದರೇನು?

ತಂತಿ ಸಡಿಲ ಆದ್ದರಿಂದ ಫ್ರೆಟ್‌ಗೆ ತಾಗಿ ಕಿರ್ ಅನ್ನಬಹುದು. ಎತ್ತರವನ್ನು 1.6ರಿಂದ 1.8ಕ್ಕೆ ಏರಿಸಿ. ಉಬ್ಬು 9.5 ಇರುವ ಟೆಲಿಯನ್ನೇ ತಗೊಳ್ಳಿ. 7.25 ಬೇಡ.

ಟೆಲಿ_ಹಲಗೆ

ಉಗುರಲ್ಲಿ ಮೀಟುತ್ತೀರಿ ಅಂತ ಈಗ ಗಮನಿಸಿದೆ. ಗಿಟಾರ್ ವಾದಕ ಮಾರ್ಕ್ ನಾಪ್ಫ್ಲರ್ 2005ರಲ್ಲಿ ಬೆಂಗಳೂರಿಗೆ ಬಂದಾಗ ಹತ್ತಿರದಿಂದ ನೋಡಿದ್ದೆ. ಅವರೂ ಪಿಕ್ ಇಲ್ಲದೆ ಬೆರಳಿನಿಂದಲೇ ಮೀಟುತ್ತಾರೆ. ಬ್ರಿಡ್ಜ್‌ನಿಂದ ಕೈ ಎರಡು ಬೆರಳು ಮುಂದೆ ಇಟ್ಟು ಮೀಟಿ ನೋಡಿ, ಧ್ವನಿ ತುಂಬುತ್ತದೆ.

ವೀಣೆ_ಬಿಟ್ಟಿಲ್ಲ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಹೋದ ಭಾನುವಾರ ಅದೇ ಮನೆಗೆ ಹೋಗಿ ಟೆಲಿಯ ಶ್ರುತಿ ಒಂದು ಫ್ರೆಟ್ ಇಳಿಸಿದೆ. ಎತ್ತರ 1.8. ನಾಲ್ಕು, ಐದನೇ ತಂತಿ ಬೆರಳಿಡದೆ ಮೀಟಿ, ಮೂರನೆಯದರಲ್ಲಿ ರಿ ಹಿಡಿದು ನೆಲದ ಕಡೆಗೆ ಎಳೆದೆ. ಗಾಂಧಾರ ಮಧ್ಯಮದ ಅಂಚು ಮುಟ್ಟಿ ಬಂತು. ಸಾ ಅಲ್ಲಾಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಮ್ಮ ಹೂವು ಕಟ್ಟುತ್ತಿದ್ದವರು ದಾರ ಕೆಳಗಿಟ್ಟು "ಇನ್ನೊಂದು ಸಲ" ಅಂದರು.

ನಿನ್ನೆ ಟೆಲಿ ತಗೊಂಡೆ. 9.5ರ ಉಬ್ಬು, ಎತ್ತರದ ಫ್ರೆಟ್, ನೆಕ್‌ಗೆ ಹೊಳಪಿಲ್ಲ. ತೂಕ 3.4 ಕೆ.ಜಿ. ಅರ್ಥಿಂಗ್ ನೋಡಿಸಿದೆ. ಹಾಲ್‌ನ (ನಡುಮನೆಯ) ಸಾಕೆಟ್‌ನಲ್ಲಿ ಅರ್ಥ್ ವೈರೇ ಇರಲಿಲ್ಲ! ಈಗ ಸರಿಯಾಗಿದೆ. ಒಂದೇ ಒಂದು ತೊಂದರೆ ಉಳಿದಿದೆ. ಜೋರಾಗಿ ಎಳೆದು ಬಿಟ್ಟ ಮೇಲೆ ಮೂರನೇ ತಂತಿ ಟಿಕ್ ಅಂತ ಸದ್ದು ಮಾಡಿ ಶ್ರುತಿಗೆ ಪೂರ್ತಿ ವಾಪಸ್ ಬರುವುದಿಲ್ಲ.

ಸೋಲ್ಡರ್_ಕಡ್ಡಿ

ನಟ್‌ನ ಸೀಳಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ ಮೇಡಂ. ತಂತಿ ಸಡಿಲಿಸಿ ಪಕ್ಕಕ್ಕೆ ಎತ್ತಿಡಿ. 2ಬಿ ಪೆನ್ಸಿಲ್ ಚೂಪು ಮಾಡಿ ಆ ಸೀಳಿನೊಳಗೆ ನಾಲ್ಕು ಸಲ ಎಳೆಯಿರಿ. ಆಗಲೂ ಟಿಕ್ ಅಂದರೆ ಸೀಳು ಕಿರಿದು ಅಂತ ಅರ್ಥ. ನೀವೇ ಅರ ಹಾಕಬೇಡಿ, ಜಾಸ್ತಿ ಕೊರೆದರೆ ನಟ್ಟೇ ಬದಲಿಸಬೇಕು. ತುಮಕೂರಿಗೆ ಬರುವುದಿದ್ದರೆ ತನ್ನಿ, ಹತ್ತು ನಿಮಿಷದ ಕೆಲಸ. ತೋಡಿ ಮಾತ್ರ ಕೇಳಿಸಿ ಹೋಗಬೇಕು.